ಸಿಂಥ್‌ನೊಳಗಿನ ಎಫೆಕ್ಟ್, ಹೊರಗಿನ ಪೆಡಲ್: ಧ್ವನಿ ರಾಡಿಯಾಗದಂತೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಹಾಲು ಸುರಿದಂತಿದ್ದ ಸ್ಟ್ರಿಂಗ್ಸ್ ಟೋನು ಕಲ್ಯಾಣ ಮಂಟಪದ ಸ್ಪೀಕರಿನಲ್ಲಿ ರಾಡಿಯಾಗಿ ಬರುತ್ತದೆ. ಸರಿಪಡಿಸಲೆಂದು ಹೊಸ ರಿವರ್ಬ್ (ಸದ್ದಿಗೆ ಸಭಾಂಗಣದ ಗುಂಗು ಸೇರಿಸುವ ಎಫೆಕ್ಟ್) ಪೆಡಲ್ ತಂದು ಜೋಡಿಸಿದರೆ ಇನ್ನಷ್ಟು ಹದಗೆಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ರಸಮಂಜರಿ ತಂಡಗಳಲ್ಲಿ, ನಾಟಕದಲ್ಲಿ, ಭಜನೆಯಲ್ಲಿ ಕೀಬೋರ್ಡ್ ನುಡಿಸುವವರು ಮತ್ತೆ ಮತ್ತೆ ಎಡವುವ ಜಾಗ ಇದು. ಕಾರಣ ಬಹುತೇಕ ಒಂದೇ: ಒಂದೇ ಕೆಲಸಕ್ಕೆ ನಾಲ್ಕು ಜನರನ್ನು ಹಚ್ಚಿರುತ್ತಾರೆ. ಸಿಂಥ್, ಅಂದರೆ ಸಿಂಥಸೈಜರ್ ಕೀಬೋರ್ಡ್, ಅದರೊಳಗೆ ಒಂದು ಹಾಲ್ ರಿವರ್ಬ್, ಪೆಡಲಿನಲ್ಲಿ ಇನ್ನೊಂದು, ಸೌಂಡ್‌ನವರ ಮಿಕ್ಸರಿನಲ್ಲಿ ಮೂರನೆಯದು, ಮಂಟಪದ ಬರಿ ಗೋಡೆ ಕೊಡುವುದು ನಾಲ್ಕನೆಯದು.

ಇಡೀ ಜೋಡಣೆಗೆ ಒಂದೇ ಪ್ರಶ್ನೆ ಸಾಕು: ಈ ಎಫೆಕ್ಟ್ ಟೋನಿಗೆ ಸೇರಿದ್ದೋ, ಜಾಗಕ್ಕೆ ಸೇರಿದ್ದೋ? ಟೋನಿಗೆ ಸೇರಿದ್ದು ಸಿಂಥ್‌ನೊಳಗೇ ಇರಲಿ. ಊರಿಂದ ಊರಿಗೆ, ಮಂಟಪದಿಂದ ಬಯಲಿಗೆ ಬದಲಾಗಬೇಕಾದದ್ದು ಕೈಗೆ ಸಿಗುವಂತೆ ಹೊರಗೆ ಬರಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯ ಹಂತ ಬಿಟ್ಟು ಮೂರಕ್ಕೆ ಹಾರಿದವರಿಗೆ ಎಂಟನೆಯದರಲ್ಲಿ ಲೆಕ್ಕ ತಪ್ಪುತ್ತದೆ.

## ಮೊದಲು ಕೂಡಿಟ್ಟುಕೊಳ್ಳಬೇಕಾದ ಸಾಮಾನು

6.35 ಮಿಲಿಮೀಟರಿನ ಮೊನೊ ಪಿನ್ನಿನ ಕೇಬಲ್ ನಾಲ್ಕು: ಸಿಂಥ್‌ನಿಂದ ಪೆಡಲಿಗೆ ಎರಡು, ಪೆಡಲಿನಿಂದ ಮುಂದಕ್ಕೆ ಎರಡು. ಒಂದೊಂದೂ 3 ಮೀಟರ್ ಒಳಗಿರಲಿ. ಎರಡು ಚಾನೆಲ್‌ನ ಡಿಐ ಬಾಕ್ಸ್ (ಕೀಬೋರ್ಡಿನ ಸದ್ದನ್ನು ಮಿಕ್ಸರಿನ ಉದ್ದ ತಂತಿಗೆ ತಕ್ಕಂತೆ ಮಾಡುವ ಪೆಟ್ಟಿಗೆ) ಒಂದು, ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ಚು (ಹಮ್ ತಡೆಯಲು ಸಿಗ್ನಲ್ ತಂತಿಯ ಗ್ರೌಂಡ್ ಬಿಡಿಸುವಂಥದ್ದು) ಕಡ್ಡಾಯ. ಪೆಡಲ್‌ಗಳಿಗೆ ಪ್ರತ್ಯೇಕ ಔಟ್‌ಪುಟ್‌ಗಳಿರುವ ಐಸೊಲೇಟೆಡ್ ಪವರ್ ಸಪ್ಲೈ. ಒಂದು ಸಾದಾ ಮಲ್ಟಿಮೀಟರ್, ಹೆಡ್‌ಫೋನ್, ಬಿಳಿ ಟೇಪು, ಮಾರ್ಕರ್, ಒಂದು ನೋಟ್‌ಬುಕ್.

ಪೆಡಲ್ ಇನ್ನೂ ಕೊಂಡಿಲ್ಲವೆಂದರೆ ಸ್ಟೀರಿಯೊ ಇನ್, ಸ್ಟೀರಿಯೊ ಔಟ್ ಎರಡೂ ಇರುವುದನ್ನೇ ನೋಡಿ. ಗಿಟಾರಿನವರಿಗೆಂದು ಮಾಡಿದ ಎಷ್ಟೋ ಪೆಡಲ್‌ಗಳಿಗೆ ಇನ್‌ಪುಟ್ ಒಂದೇ ಇರುತ್ತದೆ. ಅದರ ತೊಂದರೆ ಏನೆಂದು ಐದನೆಯ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಒಳಗೆ ಏನೇನಿದೆ ಎಂದು ಬರೆದಿಟ್ಟುಕೊಳ್ಳಿ

ಹಾರ್ಡ್‌ವೇರ್ ಸಿಂಥ್‌ನೊಳಗೆ ಎಫೆಕ್ಟ್‌ಗಳು ಸಾಮಾನ್ಯವಾಗಿ ಮೂರು ಅಂತಸ್ತಿನಲ್ಲಿರುತ್ತವೆ. ಮೊದಲನೆಯದು ಇನ್‌ಸರ್ಟ್: ಒಂದು ಟೋನಿನ ಮೈಮೇಲೆಯೇ ಕೂರುವಂಥದ್ದು. ಆರ್ಗನ್‌ನ ರೋಟರಿ, ಎಲೆಕ್ಟ್ರಿಕ್ ಪಿಯಾನೊದ ಟ್ರೆಮೊಲೊ, ಕ್ಲ್ಯಾವಿನೆಟ್ ಟೋನಿನ ವಾ-ವಾ ಎಲ್ಲ ಇಲ್ಲಿ. ಎರಡನೆಯದು ಸೆಂಡ್: ಎಲ್ಲ ಟೋನುಗಳೂ ತಮಗೆ ಬೇಕಾದಷ್ಟು ಪಾಲು ಕಳಿಸಿ ಹಂಚಿಕೊಳ್ಳುವ ಕೋರಸ್ (ಒಂದು ಧ್ವನಿ ಹಲವಾದಂತೆ ಕೇಳಿಸುವುದು) ಮತ್ತು ರಿವರ್ಬ್. ಮೂರನೆಯದು ಮಾಸ್ಟರ್: ಕೊನೆಯಲ್ಲಿ ಇಡೀ ಸದ್ದಿನ ಮೇಲೆ ಬೀಳುವ ಕಂಪ್ರೆಸರ್ (ಜೋರು–ಮೆಲು ಅಂತರ ತಗ್ಗಿಸುವುದು), ಈಕ್ಯೂ (ಬೇಸ್–ಟ್ರೆಬಲ್ ಹೊಂದಿಸುವುದು).

ಹೆಸರು ಮಾತ್ರ ಕಂಪನಿಗೊಂದು. ರೋಲ್ಯಾಂಡ್‌ನಲ್ಲಿ ಎಂಎಫ್‌ಎಕ್ಸ್, ಕೋರಸ್, ರಿವರ್ಬ್ ಎಂದಿರುತ್ತದೆ. ಯಮಹಾ ಮೋಡ್‌ಎಕ್ಸ್‌ನಲ್ಲಿ ಇನ್‌ಸರ್ಷನ್ ಎ ಮತ್ತು ಬಿ, ಆಮೇಲೆ ಸಿಸ್ಟಮ್ ಎಫೆಕ್ಟ್ ಆಗಿ ವೇರಿಯೇಷನ್ ಮತ್ತು ರಿವರ್ಬ್, ಕೊನೆಗೆ ಮಾಸ್ಟರ್. ಕೋರ್ಗ್ ಕ್ರೋನೋಸ್, ಕ್ರೋಮ್‌ಗಳಲ್ಲಿ ಐಎಫ್‌ಎಕ್ಸ್, ಎಂಎಫ್‌ಎಕ್ಸ್, ಟಿಎಫ್‌ಎಕ್ಸ್. ಗಮನಿಸಿ: ರೋಲ್ಯಾಂಡ್‌ನ ಎಂಎಫ್‌ಎಕ್ಸ್ ಎಂದರೆ ಮಲ್ಟಿ, ಅದು ಟೋನಿನದು. ಕೋರ್ಗ್‌ನ ಎಂಎಫ್‌ಎಕ್ಸ್ ಎಂದರೆ ಮಾಸ್ಟರ್, ಅದು ಸೆಂಡ್ ಮೂಲಕ ಎಲ್ಲರದು. ಒಂದರ ಪಾಠವನ್ನು ಇನ್ನೊಂದರ ಮೇಲೆ ಪ್ರಯೋಗಿಸಿ ಗೊಂದಲ ಮಾಡಿಕೊಳ್ಳುವವರು ಬಹಳ.

ಕಾರ್ಯಕ್ರಮದಲ್ಲಿ ನಿಜವಾಗಿ ಬಳಸುವ ಎಂಟು–ಹತ್ತು ಟೋನುಗಳನ್ನಷ್ಟೇ ತೆಗೆದು, ಪ್ರತಿಯೊಂದರಲ್ಲಿ ಯಾವ ಎಫೆಕ್ಟ್ ಎಷ್ಟಿದೆ ಎಂದು ಬರೆಯಿರಿ. ಕಂಪನಿಯವರು ಅಂಗಡಿಯಲ್ಲಿ ಕೇಳುವ ಗಿರಾಕಿ ಮರುಳಾಗಲಿ ಎಂದು ರಿವರ್ಬನ್ನು ಧಾರಾಳವಾಗಿ ಸುರಿದಿರುತ್ತಾರೆ. ಅದು ಎಷ್ಟೆಂದು ಅಂಕಿಯಲ್ಲಿ ಕಂಡಾಗ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಇಲ್ಲೇ ಕಾಣುವ ಇನ್ನೊಂದು ತೊಡಕು: ಒಂಟಿಯಾಗಿ ಚೆನ್ನಾಗಿದ್ದ ಟೋನು ಸ್ಪ್ಲಿಟ್ ಅಥವಾ ಮಲ್ಟಿ ಮೋಡ್‌ಗೆ (ಹಲವು ಟೋನು ಒಟ್ಟಿಗೆ ನುಡಿಸುವ ಬಗೆ) ಹೋದ ಕೂಡಲೇ ಸಪ್ಪೆಯಾಗುತ್ತದೆ. ಟೋನು ಕೆಟ್ಟಿಲ್ಲ. ಆ ಮೋಡ್‌ನಲ್ಲಿ ಸಿಂಥ್ ಟೋನಿನ ಸ್ವಂತ ಎಫೆಕ್ಟ್ ಬಿಟ್ಟು ಪರ್ಫಾರ್ಮೆನ್ಸ್‌ಗೆ ಕೊಟ್ಟ ಎಫೆಕ್ಟ್ ಓದುತ್ತಿರುತ್ತದೆ. ಎಫೆಕ್ಟ್ ಸೋರ್ಸ್ ಎಂಬ ಆಯ್ಕೆ ಇದ್ದರೆ ಯಾವ ಪಾರ್ಟ್‌ನಿಂದ, ಅಂದರೆ ಕೂಡಿದ ಟೋನುಗಳಲ್ಲಿ ಯಾವುದರಿಂದ, ತೆಗೆದುಕೊಳ್ಳಬೇಕೆಂದು ಅಲ್ಲಿ ಹೇಳಬೇಕು. ಇಲ್ಲದಿದ್ದರೆ ಎಫೆಕ್ಟನ್ನು ಅಲ್ಲಿಗೆ ನಕಲು ಮಾಡಬೇಕು.

## ಹಂತ 2: ಎಲ್ಲವನ್ನೂ ಡ್ರೈ ಮಾಡಿ ಕೇಳಿ

ಹೊರಗಿನ ಪೆಡಲ್ ಮುಟ್ಟುವ ಮೊದಲು ಒಳಗಿನದೆಲ್ಲ ಬಂದ್ ಮಾಡಿ. ಎಫೆಕ್ಟ್ ಇಲ್ಲದ ಬರಿ ಸದ್ದೇ ಡ್ರೈ. ಯಮಹಾದಲ್ಲಿ ಯುಟಿಲಿಟಿಯೊಳಗಿನ ಎಫೆಕ್ಟ್ ಸ್ವಿಚ್, ಕೋರ್ಗ್‌ನ ದೊಡ್ಡ ಸಿಂಥ್‌ಗಳಲ್ಲಿ ಗ್ಲೋಬಲ್ ಪುಟದ ಐಎಫ್‌ಎಕ್ಸ್, ಎಂಎಫ್‌ಎಕ್ಸ್, ಟಿಎಫ್‌ಎಕ್ಸ್ ಆಫ್, ರೋಲ್ಯಾಂಡ್‌ನಲ್ಲಿ ಎಂಎಫ್‌ಎಕ್ಸ್–ಕೋರಸ್–ರಿವರ್ಬ್ ಸ್ವಿಚ್ಚುಗಳು ಈ ಕೆಲಸಕ್ಕೇ ಇವೆ.

ಡ್ರೈ ಮಾಡಿದ ಕೂಡಲೇ ಸದ್ದು ತೆಳ್ಳಗೆ, ಸಣ್ಣಗೆ ಕೇಳುತ್ತದೆ. ಗಾಬರಿ ಬೇಡ, ಮಾಸ್ಟರ್ ಕಂಪ್ರೆಸರ್ ಹೋಗಿರುವುದರಿಂದ ಹಾಗೆ. ಐದು ನಿಮಿಷ ಹಾಗೆಯೇ ನುಡಿಸಿ. ಡ್ರೈ ಇದ್ದಾಗಲೂ ನಿಲ್ಲುವ ಟೋನು ಯಾವುದು, ರಿವರ್ಬ್‌ನ ಊರುಗೋಲಿಲ್ಲದೆ ಬಿದ್ದುಹೋಗುವುದು ಯಾವುದು ಎಂದು ಗುರುತು ಹಾಕಿ. ಪೇಟಿ, ಪಿಯಾನೊ, ಬೇಸ್ ಸಾಮಾನ್ಯವಾಗಿ ನಿಲ್ಲುತ್ತವೆ. ಸಿಂಥ್ ಪ್ಯಾಡ್, ಕೊಳಲು, ಬೆಲ್ ಟೋನುಗಳಿಗೆ ಏನಾದರೂ ಬೇಕೇ ಬೇಕು.

ಈ ಸ್ವಿಚ್ಚುಗಳು ಇಡೀ ಯಂತ್ರಕ್ಕೆ ಅನ್ವಯಿಸುವಂಥವು. ಆಫ್ ಮಾಡಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದು, ಈ ಹಂತ ಮುಗಿದ ಕೂಡಲೇ ತಿರುಗಿ ಆನ್ ಮಾಡಿ. ಮರೆತರೆ ವೇದಿಕೆಯ ಮೇಲೆ ಆರ್ಗನ್‌ನ ರೋಟರಿ ತಿರುಗುವುದಿಲ್ಲ, ಯಾಕೆಂದು ಹೊಳೆಯುವುದೂ ಇಲ್ಲ.

## ಹಂತ 3: ಒಳಗೆ ಯಾವುದು, ಹೊರಗೆ ಯಾವುದು ಎಂದು ಪಾಲು ಮಾಡಿ

ಇನ್‌ಸರ್ಟ್ ಎಫೆಕ್ಟ್‌ಗಳನ್ನೆಲ್ಲ ಒಳಗೇ ಉಳಿಸಿ. ಮಾಡ್ಯುಲೇಷನ್ ವೀಲ್ ಎತ್ತಿದರೆ ರೋಟರಿ ವೇಗ ಹೆಚ್ಚುವುದು, ಕೀ ಜೋರಾಗಿ ಒತ್ತಿದರೆ ಡ್ರೈವ್ ಬಿರುಸಾಗುವುದು ಪ್ಯಾಚ್, ಅಂದರೆ ಉಳಿಸಿಟ್ಟ ಟೋನು, ಅದರೊಳಗೇ ಕಟ್ಟಿರುವ ನಂಟು. ಹೊರಗಿನ ಪೆಡಲಿಗೆ ನಿಮ್ಮ ಬೆರಳಿನ ಬಿಗಿ ಗೊತ್ತಾಗುವುದಿಲ್ಲ, ತಂತಿಯಲ್ಲಿ ಬಂದ ಸದ್ದಷ್ಟೇ ಗೊತ್ತು.

ಎರಡನೆಯ ಕಾರಣ ಇನ್ನೂ ದೊಡ್ಡದು. ಹೊರಗಿನ ಪೆಡಲಿಗೆ ಹೋಗುವುದು ಎಲ್ಲ ಪಾರ್ಟ್‌ಗಳೂ ಕೂಡಿದ ಸದ್ದು. ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ಕೊಳಲು ಸ್ಪ್ಲಿಟ್ ಮಾಡಿ ನುಡಿಸಿದರೆ, ಕೊಳಲಿಗೆಂದು ಹಾಕಿದ ಡಿಲೇ (ಸದ್ದನ್ನು ತಡವಾಗಿ ಮರುಕಳಿಸುವ ಎಫೆಕ್ಟ್) ಬೇಸಿಗೂ ಬೀಳುತ್ತದೆ. ಬೇಸಿನ ಮೇಲೆ ಡಿಲೇ ಬಿತ್ತೆಂದರೆ ತಾಳ ಕೆಸರಿನಲ್ಲಿ ಕಾಲಿಟ್ಟಂತೆ. ಒಳಗಿನ ಎಫೆಕ್ಟ್ ಪಾರ್ಟ್‌ವಾರು ಸೆಂಡ್ ಕೊಡುತ್ತದೆ: ಕೊಳಲಿಗೆ 50, ಬೇಸಿಗೆ 0. ಮಿಡಿಯಲ್ಲಿ (ವಾದ್ಯಗಳು ಪರಸ್ಪರ ಸಂದೇಶ ಕಳಿಸುವ ಭಾಷೆ) ರಿವರ್ಬ್ ಸೆಂಡ್ ಕಂಟ್ರೋಲ್ ಚೇಂಜ್ 91, ಕೋರಸ್ ಸೆಂಡ್ 93. ಖಾಲಿ ನಾಬ್ ಇದ್ದರೆ 91ಕ್ಕೆ ಕಟ್ಟಿಕೊಳ್ಳಿ.

ಹೊರಗೆ ತರಬೇಕಾದವು: ಮುಖ್ಯ ರಿವರ್ಬ್, ಕಾಲಿನಿಂದ ಲಯ ತಟ್ಟಬೇಕಾದ ಡಿಲೇ, ಲೂಪರ್ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ನುಡಿಸುವುದು), ಮತ್ತು ನಿಮ್ಮ ಸಿಂಥ್‌ನಲ್ಲಿ ಇಲ್ಲದ ಸ್ವಭಾವದ ಡಿಸ್ಟಾರ್ಷನ್. ಕೋರಸ್‌ಗಾಗಿ ಪೆಡಲ್ ಕೊಳ್ಳುವುದು ಹಣ ಹೆಚ್ಚಾದವರ ಕೆಲಸ. ಹತ್ತು ವರ್ಷ ಹಳೆಯ ವರ್ಕ್‌ಸ್ಟೇಷನ್‌ನಲ್ಲೂ ಒಳ್ಳೆಯ ಕೋರಸ್ ಇರುತ್ತದೆ.

ಸ್ಪ್ಲಿಟ್ ನುಡಿಸುತ್ತಲೇ ಒಂದಕ್ಕೆ ಮಾತ್ರ ಹೊರಗಿನ ಪೆಡಲ್ ಬೇಕೆಂದರೆ ಎರಡು ದಾರಿ. ಕ್ರೋನೋಸ್‌ನಂತೆ ಪ್ರತ್ಯೇಕ ಔಟ್‌ಪುಟ್ ಇರುವ ಸಿಂಥ್‌ನಲ್ಲಿ ಆ ಪಾರ್ಟನ್ನು ಅಲ್ಲಿಂದ ಹೊರತೆಗೆಯಿರಿ. ಮೋಡ್‌ಎಕ್ಸ್‌ನಂತೆ ಎಡ–ಬಲ ಎರಡೇ ಔಟ್‌ಪುಟ್ ಇದ್ದರೆ ಪ್ಯಾನ್ ಉಪಾಯ ಮಾಡಿ: ಬೇಸನ್ನು ಪೂರ್ತಿ ಎಡಕ್ಕೆ, ಕೊಳಲನ್ನು ಪೂರ್ತಿ ಬಲಕ್ಕೆ ತಳ್ಳಿ, ಬಲದ ತಂತಿಗೆ ಮಾತ್ರ ಪೆಡಲ್ ಕಟ್ಟಿ. ಮಿಕ್ಸರಿನಲ್ಲಿ ಎರಡೂ ಚಾನೆಲ್‌ಗಳನ್ನು ನಡುವಿಗೆ ತನ್ನಿ. ಹೀಗೆ ಮಾಡುವಾಗ ಒಳಗಿನ ರಿವರ್ಬ್, ಸ್ಟೀರಿಯೊ ಕೋರಸ್ ಸೊನ್ನೆಯಾಗಿರಲೇಬೇಕು. ಅವು ಎರಡೂ ಕಡೆಗೆ ಸೋರಿ ಬೇಸನ್ನು ಮತ್ತೆ ಪೆಡಲಿಗೆ ತಂದುಬಿಡುತ್ತವೆ.

## ಹಂತ 4: ಸಿಗ್ನಲ್‌ನ ಮಟ್ಟ ಹೊಂದಿಸಿ

ಸಿಂಥ್‌ನ ಔಟ್‌ಪುಟ್ ಲೈನ್ ಲೆವೆಲ್. ವೃತ್ತಿಪರ ಲೈನ್ ಮಟ್ಟ ಎಂದರೆ ಸುಮಾರು 1.23 ವೋಲ್ಟ್, ಮನೆ ಉಪಕರಣಗಳದು ಸುಮಾರು 0.32 ವೋಲ್ಟ್. ಗಿಟಾರಿನ ಪೆಡಲ್ ನಿರೀಕ್ಷಿಸುವುದು ಇದಕ್ಕಿಂತ ಕಡಿಮೆ. ಎರಡು ಕೈಯಲ್ಲಿ ಜೋರಾಗಿ ಒತ್ತಿದ ಬ್ರಾಸ್ ಕಾರ್ಡ್ ಆ ಪೆಡಲಿನ ಇನ್‌ಪುಟ್ಟಿಗೆ ಬಡಿದಾಗ ಪರಪರ ಹರಿದ ಸದ್ದು ಬರುತ್ತದೆ.

ಹೊಂದಿಸುವ ಬಗೆ: ಪೆಡಲಿನಲ್ಲಿ ಲೈನ್–ಇನ್‌ಸ್ಟ್ರುಮೆಂಟ್ ಸ್ವಿಚ್ಚಿದ್ದರೆ ಲೈನ್‌ಗೆ ಹಾಕಿ. ನಿಮ್ಮ ಪಟ್ಟಿಯಲ್ಲಿ ಅತಿ ಜೋರಾದ ಟೋನು ಆರಿಸಿ. ಸಿಂಥ್‌ನ ವಾಲ್ಯೂಮ್ ಕೆಳಗಿನಿಂದ ನಿಧಾನಕ್ಕೆ ಏರಿಸುತ್ತ ಎರಡು ಕೈಯಲ್ಲಿ ದಪ್ಪ ಕಾರ್ಡ್ ಒತ್ತಿ. ಹರಿದ ಸದ್ದು ಅಥವಾ ಪೆಡಲಿನ ಕೆಂಪು ದೀಪ ಕಂಡ ಜಾಗದಿಂದ ಸ್ವಲ್ಪ ಹಿಂದೆ ಬನ್ನಿ. ಅಲ್ಲಿ ಬಿಳಿ ಟೇಪು ಅಂಟಿಸಿ ಗೆರೆ ಎಳೆಯಿರಿ. ಇನ್ನು ಮುಂದೆ ಸಿಂಥ್‌ನ ವಾಲ್ಯೂಮ್ ಆ ಗೆರೆ ದಾಟುವಂತಿಲ್ಲ. ಜೋರು ಬೇಕಾದರೆ ಮಿಕ್ಸರಿನಲ್ಲಿ.

ಉಲ್ಟಾ ತಪ್ಪೂ ಇದೆ. ಹೆದರಿ ಸಿಂಥ್‌ನ ವಾಲ್ಯೂಮನ್ನು ಕಾಲು ಭಾಗಕ್ಕೆ ಇಳಿಸಿ ಮಿಕ್ಸರಿನ ಗೇನ್ ಪೂರ್ತಿ ಏರಿಸಿದರೆ ಪೆಡಲಿನ ಸ್ಸ್ ಎನ್ನುವ ಸದ್ದು ಹಾಡಿನ ನಡುವಿನ ಮೌನದಲ್ಲಿ ಎದ್ದು ಕೇಳುತ್ತದೆ. ಗೆರೆ ಅರ್ಧಕ್ಕಿಂತ ಕೆಳಗೆ ಬಂದರೆ ಆ ಪೆಡಲ್ ನೇರ ಜೋಡಣೆಗೆ ತಕ್ಕದ್ದಲ್ಲ. ಮಿಕ್ಸರಿನ ಸೆಂಡ್ ಮೂಲಕವೇ, ಅಂದರೆ ಐದನೆಯ ಹಂತದ ಪಕ್ಕದ ಜೋಡಣೆಯಲ್ಲೇ, ಬಳಸಿ.

ಹೆಡ್‌ಫೋನ್ ಜಾಕ್‌ನಿಂದ ಪೆಡಲಿಗೆ ಕಟ್ಟಬೇಡಿ. ಅದು ಒಂದೇ ಪಿನ್ನಿನಲ್ಲಿ ಎಡ–ಬಲ ಎರಡನ್ನೂ ಹೊತ್ತಿರುತ್ತದೆ.

## ಹಂತ 5: ತಂತಿ ಜೋಡಣೆ, ಸಾಲಾಗಿ ಅಥವಾ ಪಕ್ಕದಲ್ಲಿ

ಸಾಲು ಜೋಡಣೆ. ಸಿಂಥ್ ಎಡ–ಬಲ, ಅಲ್ಲಿಂದ ಪೆಡಲ್ ಎಡ–ಬಲ ಇನ್, ಪೆಡಲ್ ಔಟ್‌ನಿಂದ ಡಿಐ ಬಾಕ್ಸ್, ಡಿಐನಿಂದ ಸೌಂಡ್‌ನವರ ಎಕ್ಸ್‌ಎಲ್‌ಆರ್ ತಂತಿ. ಒಂದಕ್ಕಿಂತ ಹೆಚ್ಚು ಪೆಡಲ್ ಇದ್ದರೆ ಡಿಸ್ಟಾರ್ಷನ್ ಮೊದಲು, ಆಮೇಲೆ ಕೋರಸ್–ಫೇಸರ್, ಆಮೇಲೆ ಡಿಲೇ, ಕೊನೆಗೆ ರಿವರ್ಬ್. ರಿವರ್ಬ್ ನಂತರ ಡಿಸ್ಟಾರ್ಷನ್ ಇಟ್ಟರೆ ಬಾಲವೆಲ್ಲ ಹರಿದು ಗದ್ದಲವಾಗುತ್ತದೆ. ಇದೇ ಕಾರಣಕ್ಕೆ, ಹೊರಗೆ ಡಿಸ್ಟಾರ್ಷನ್ ಪೆಡಲ್ ಬಳಸುವ ಪ್ಯಾಚಿನಲ್ಲಿ ಒಳಗಿನ ರಿವರ್ಬ್ ಪೂರ್ತಿ ಸೊನ್ನೆ ಇರಬೇಕು.

ಸಿಂಥ್‌ನ ಹಿಂದೆ ಎಡ ಜಾಕ್‌ನ ಪಕ್ಕ ಎಲ್/ಮೊನೊ ಎಂದು ಬರೆದಿರುತ್ತದೆ. ಬಲಕ್ಕೆ ಏನೂ ಚುಚ್ಚದಿದ್ದಾಗ ಮಾತ್ರ ಅದು ಎರಡೂ ಕಡೆಯನ್ನು ಕೂಡಿಸಿ ಕೊಡುತ್ತದೆ. ಎರಡೂ ಜಾಕ್‌ಗೆ ತಂತಿ ಚುಚ್ಚಿ, ಎಡವನ್ನಷ್ಟೇ ಮೊನೊ ಪೆಡಲಿಗೆ ಕೊಟ್ಟು ಬಲವನ್ನು ಸುಮ್ಮನೆ ಬಿಟ್ಟರೆ ಅರ್ಧ ಧ್ವನಿ ಮಾಯ: ಪಿಯಾನೊದ ಒಂದು ಬದಿ ಸೊರಗುತ್ತದೆ, ಎಡ–ಬಲ ತೂಗುವ ಟ್ರೆಮೊಲೊ ಬಂದು ಬಂದು ನಿಲ್ಲುತ್ತದೆ. ಮೊನೊ ಪೆಡಲ್ ಇದ್ದರೆ ಎಲ್/ಮೊನೊ ಒಂದರಿಂದಲೇ ಹೊರಡಿ, ಬಲದ ಜಾಕ್ ಖಾಲಿ ಬಿಡಿ.

ಬಹಳ ಜನರಿಗೆ ಕಾಣದ ಬಲೆ ಇನ್ನೊಂದಿದೆ. ಕೆಲವು ಪೆಡಲ್‌ಗಳು ಒಂದೇ ಟಿಆರ್‌ಎಸ್ ಜಾಕ್‌ನಲ್ಲಿ ಸ್ಟೀರಿಯೊ ಇನ್‌ಪುಟ್ ತೆಗೆದುಕೊಳ್ಳುತ್ತವೆ: ಪಿನ್ನಿನ ತುದಿ ಎಡ, ನಡುವಿನ ಉಂಗುರ ಬಲ. ಬ್ಯಾಲೆನ್ಸ್‌ಡ್ ಔಟ್‌ಪುಟ್ ಇರುವ ಸಿಂಥ್‌ನ ಎಡ ಜಾಕ್‌ನಿಂದ ಟಿಆರ್‌ಎಸ್ ಕೇಬಲ್ ತಂದು ಇದಕ್ಕೆ ಚುಚ್ಚಿದರೆ, ಉಂಗುರದಲ್ಲಿ ಬರುವುದು ಬಲಗಡೆಯ ಧ್ವನಿಯಲ್ಲ, ಎಡದ್ದೇ ತಲೆಕೆಳಗಾದ ಪ್ರತಿ. ಹೆಡ್‌ಫೋನ್‌ನಲ್ಲಿ ಅಗಲವಾಗಿ, ಏನೋ ವಿಚಿತ್ರವಾಗಿ ಕೇಳುತ್ತದೆ. ಮಿಕ್ಸರ್ ಮೊನೊ ಮಾಡಿದ ಕ್ಷಣ ಎರಡೂ ಒಂದನ್ನೊಂದು ನುಂಗಿ, ಕೀಬೋರ್ಡೇ ಇಲ್ಲವೇನೋ ಎನ್ನುವಂತಾಗುತ್ತದೆ. ಅಂಥ ಪೆಡಲಿಗೆ ವೈ ಕೇಬಲ್ ಬಳಸಿ: ಎರಡು ಮೊನೊ ಪಿನ್ ಸಿಂಥ್‌ಗೆ, ಒಂದು ಟಿಆರ್‌ಎಸ್ ಪೆಡಲಿಗೆ.

ಜಾತ್ರೆ, ಮದುವೆಗಳ ಸೌಂಡ್ ಸಿಸ್ಟಮ್ ಬಹುಪಾಲು ಮೊನೊದಲ್ಲೇ ಓಡುತ್ತದೆ. ಹಾಗಾಗಿ ಜೋಡಣೆ ಮುಗಿದ ಮೇಲೆ ಮನೆಯಲ್ಲೇ ಮೊನೊ ಮಾಡಿ ಒಮ್ಮೆ ಕೇಳಿ. ತೆಳ್ಳಗಾಗುವ ಟೋನಿನ ಸ್ಟೀರಿಯೊ ಕೋರಸ್ ಡೆಪ್ತ್ ಇಳಿಸಿ.

ಪಕ್ಕದ ಜೋಡಣೆ. ಇದಕ್ಕೆ ಚಿಕ್ಕ ಮಿಕ್ಸರ್ ಬೇಕು. ಸಿಂಥ್ ನೇರ ಮಿಕ್ಸರಿಗೆ. ಮಿಕ್ಸರಿನ ಆಕ್ಸ್ ಸೆಂಡ್‌ನಿಂದ (ಸದ್ದಿನ ಒಂದು ಪಾಲನ್ನು ಹೊರಗೆ ಕಳಿಸುವ ದಾರಿ) ಪೆಡಲಿನ ಇನ್‌ಗೆ. ಪೆಡಲಿನ ಔಟ್ ಖಾಲಿ ಸ್ಟೀರಿಯೊ ಚಾನೆಲ್‌ಗೆ. ಸೆಂಡ್ ಪೋಸ್ಟ್–ಫೇಡರ್, ಅಂದರೆ ಫೇಡರ್ ದಾಟಿದ ಮೇಲಿನದು, ಇರಲಿ. ಪ್ರೀ ಇದ್ದರೆ ಕೀಬೋರ್ಡಿನ ಫೇಡರ್ ಇಳಿಸಿದರೂ ರಿವರ್ಬ್ ದೆವ್ವದಂತೆ ತೇಲುತ್ತಿರುತ್ತದೆ. ಪೆಡಲ್ ವಾಪಸ್ ಬರುವ ಚಾನೆಲ್‌ನ ಆಕ್ಸ್ ನಾಬ್ ಸೊನ್ನೆಯಲ್ಲಿರಲಿ. ಅದನ್ನು ಸ್ವಲ್ಪ ತಿರುಗಿಸಿದರೂ ಪೆಡಲ್ ತನ್ನ ಬಾಲ ತಾನೇ ಕಚ್ಚಿ ಕೂಗತೊಡಗುತ್ತದೆ.

ಪೆಡಲಿನ ಮಿಕ್ಸ್ ನಾಬ್ 100 ಪ್ರತಿಶತ ವೆಟ್, ಅಂದರೆ ಬರಿ ಎಫೆಕ್ಟಿನ ಸದ್ದು. ಕಿಲ್ ಡ್ರೈ ಎಂಬ ಆಯ್ಕೆ ಇದ್ದರೆ ಆನ್. ಯಾಕೆ ಇಷ್ಟು ಒತ್ತಾಯ? ಕೆಲವು ಡಿಜಿಟಲ್ ಪೆಡಲ್‌ಗಳು ಡ್ರೈ ಸದ್ದನ್ನೂ ಡಿಜಿಟಲ್ ಮಾಡಿ ಒಂದೆರಡು ಮಿಲಿಸೆಕೆಂಡ್ ತಡವಾಗಿ ಕೊಡುತ್ತವೆ. ಮಿಕ್ಸರಿನಲ್ಲಿರುವ ನೇರ ಸದ್ದಿನ ಜೊತೆ ಅದು ಸೇರಿದಾಗ ಕೆಲವು ಆವರ್ತನಗಳು ರದ್ದಾಗುತ್ತವೆ. 1 ಮಿಲಿಸೆಕೆಂಡ್ ತಡಕ್ಕೆ ಮೊದಲ ತಗ್ಗು 500 ಹರ್ಟ್ಸ್‌ನಲ್ಲಿ, 2 ಮಿಲಿಸೆಕೆಂಡಿಗೆ 250ರಲ್ಲಿ. ಪಿಯಾನೊ ಕೊಡದೊಳಗಿನಿಂದ ಬಂದಂತೆ ಕೇಳಿದರೆ ಇದೇ ರೋಗ.

ಯಾವುದು ಮೇಲು? ಒಬ್ಬರೇ ಒಂದು ಸಿಂಥ್, ಒಂದು ಪೆಡಲ್ ಹೊತ್ತು ಬಸ್ಸಿನಲ್ಲಿ ಓಡಾಡುವವರಿಗೆ ಸಾಲು ಜೋಡಣೆಯೇ ಸರಿ. ಎರಡು ಕೀಬೋರ್ಡ್ ಇಟ್ಟು ಕೂರುವವರಿಗೆ ಪಕ್ಕದ ಜೋಡಣೆ: ಒಂದೇ ರಿವರ್ಬ್ ಎರಡಕ್ಕೂ, ಮೂಲ ಸದ್ದು ಪೆಡಲ್ ಮೂಲಕ ಹಾಯುವುದೇ ಇಲ್ಲ.

## ಹಂತ 6: ಕರೆಂಟು ಮತ್ತು ಗುಂಯ್ ಸದ್ದು

ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ, ನಡುಪಿನ್ ಋಣ. ಹೆಚ್ಚಿನವು ಎಂದರೆ ಎಲ್ಲವೂ ಅಲ್ಲ. ನಡುಪಿನ್ ಧನ ಇರುವವೂ, 12 ಅಥವಾ 18 ವೋಲ್ಟಿನವೂ ಇವೆ. ಜಾಕ್ ಪಕ್ಕದ ಚಿತ್ರ ನೋಡಿ. ಅಡಾಪ್ಟರನ್ನು ಮೀಟರಿನಿಂದ ಅಳೆಯಿರಿ: ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರ ಲೋಹಕ್ಕೆ. ಮೈನಸ್ 9 ತೋರಿಸಿದರೆ ನಡುಪಿನ್ ಋಣ. 9 ಎಂದು ಬರೆದಿದ್ದೂ 12–13 ತೋರಿಸಿದರೆ ಅದು ನಿಯಂತ್ರಣವಿಲ್ಲದ ಅಗ್ಗದ ಅಡಾಪ್ಟರ್, ದೂರ ಇಡಿ.

ವೋಲ್ಟು ತಾಳೆಯಾಗಬೇಕು, ಆಂಪಿಯರ್ ಸಾಲಬೇಕು. ಅನಲಾಗ್ ಡ್ರೈವ್ ಪೆಡಲಿಗೆ ಹತ್ತಿಪ್ಪತ್ತು ಮಿಲಿಆಂಪ್ ಸಾಕಾದರೆ ದೊಡ್ಡ ಡಿಜಿಟಲ್ ರಿವರ್ಬ್‌ಗೆ 300 ಬೇಕಾಗಬಹುದು. 300, 100, 65 ಎಂದು ಮೂರು ಪೆಡಲ್ ಕೂಡಿದರೆ 465. ಇದಕ್ಕೆ 500ರ ಸಪ್ಲೈ ಕಾಗದದ ಮೇಲೆ ಸಾಕು; ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ, ಶೀಟಿನ ಕೆಳಗೆ, ಸಾಲದು. ಕಾಲು ಭಾಗ ಹೆಚ್ಚುವರಿ ಇಟ್ಟುಕೊಳ್ಳಿ. ಕರೆಂಟು ಸಾಲದಾಗ ಡಿಜಿಟಲ್ ಪೆಡಲ್ ತನ್ನಷ್ಟಕ್ಕೆ ರಿಸ್ಟಾರ್ಟ್ ಆಗುತ್ತದೆ, ಇಲ್ಲವೇ ಕೀಚಲು ಸಿಳ್ಳೆ ಹೊರಡಿಸುತ್ತದೆ. ಒಂದೇ ವೈರಿಗೆ ಸಾಲಾಗಿ ಎಲ್ಲ ಪೆಡಲ್ ಪೋಣಿಸಿದಾಗಲೂ ಅದೇ ಸಿಳ್ಳೆ.

ಗಂಗಾವತಿ, ಸಿಂಧನೂರಿನ ಕಡೆ ಮಂಟಪವು ಅಕ್ಕಿ ಗಿರಣಿಯ ಲೈನಿನಲ್ಲೇ ಇದ್ದರೆ ದೊಡ್ಡ ಮೋಟಾರು ಚಾಲೂ ಆದಾಗ ವೋಲ್ಟೇಜ್ ಕುಗ್ಗುತ್ತದೆ. ಬಯಲಿನಲ್ಲಿ ಜನರೇಟರ್ ಹತ್ತುವ–ಆರುವ ಗಳಿಗೆ ಇನ್ನೂ ಕೆಟ್ಟದ್ದು. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಜನರೇಟರ್ ಬದಲಿಸುವಾಗ ಪೆಡಲ್‌ಗಳ ಸ್ವಿಚ್ ತೆಗೆಯುವುದು ಕ್ಷೇಮ.

ಗುಂಯ್ ಎನ್ನುವ 50 ಹರ್ಟ್ಸ್ ಹಮ್ ಹುಡುಕುವ ಕ್ರಮ ಹೀಗೆ. ಸಿಂಥ್, ಪೆಡಲ್, ಚಿಕ್ಕ ಮಿಕ್ಸರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆ ಬೋರ್ಡಿನಲ್ಲಿ ಸೀರಿಯಲ್ ಸೆಟ್, ಕೂಲರ್ ಇರಬಾರದು. ಹಮ್ ಉಳಿದರೆ ಡಿಐನ ಗ್ರೌಂಡ್ ಲಿಫ್ಟ್ ಒತ್ತಿ. ಆಗಲೂ ಉಳಿದರೆ ಪೆಡಲಿನ ತಂತಿ ಕಿತ್ತು ಸಿಂಥನ್ನು ನೇರ ಡಿಐಗೆ ಚುಚ್ಚಿ. ಹೋಯಿತೆಂದರೆ ತಪ್ಪು ಬಹುತೇಕ ಪೆಡಲಿನ ಸಪ್ಲೈಯದು.

ಹಮ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿಯುವವರಿದ್ದಾರೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಜಾಕ್‌ನ ಲೋಹ ಮುಟ್ಟಿದಾಗ, ಅಥವಾ ಕೀಬೋರ್ಡ್ ಮೇಲೆ ಒಂದು ಕೈ ಇಟ್ಟು ಇನ್ನೊಂದರಲ್ಲಿ ಮೈಕ್ ಹಿಡಿದಾಗ, ಜುಮ್ಮೆಂದರೆ ನುಡಿಸುವುದು ನಿಲ್ಲಿಸಿ. ಅಲ್ಲಿ ಅರ್ಥ್ ಇಲ್ಲ ಅಥವಾ ಕೆಟ್ಟಿದೆ. ಎಲೆಕ್ಟ್ರಿಷಿಯನ್ ಬಂದು ನೋಡದೆ ಮುಂದುವರಿಯಬೇಡಿ.

## ಹಂತ 7: ಡಿಲೇಯನ್ನು ಲಯಕ್ಕೆ ಕಟ್ಟಿ

60000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಮಾತ್ರೆ ಎಂಬ ಲೆಕ್ಕ) ಭಾಗಿಸಿದರೆ ಒಂದು ಮಾತ್ರೆಯ ಮಿಲಿಸೆಕೆಂಡ್ ಸಿಗುತ್ತದೆ. 120ಕ್ಕೆ 500, ಅದರ ಅರ್ಧ 250, ಮುಕ್ಕಾಲು 375. ದಾಸರ ಪದದ ನಿಧಾನ ನಡೆ 72 ಎಂದಿಟ್ಟುಕೊಂಡರೆ 833.

ಸಿಂಥ್‌ನ ಆರ್ಪೆಜಿಯೊ ಅಥವಾ ರಿದಮ್ ಬಳಸಿ ನುಡಿಸುವಾಗ ಮಿಡಿ ಕ್ಲಾಕ್ ಕಟ್ಟಿ: ಸಿಂಥ್‌ನಲ್ಲಿ ಕ್ಲಾಕ್ ಔಟ್ ಆನ್, ಪೆಡಲಿನಲ್ಲಿ ಕ್ಲಾಕ್ ರಿಸೀವ್ ಆನ್. ಕ್ಲಾಕ್ ಮಾತ್ರೆಗೆ 24 ಮಿಡಿತ ಕಳಿಸುತ್ತದೆ. ಪೆಡಲಿನಲ್ಲಿ 3.5 ಮಿಲಿಮೀಟರ್ ಮಿಡಿ ಜಾಕ್ ಇದ್ದರೆ ಟೈಪ್ ಎ, ಟೈಪ್ ಬಿ ಎಂದು ಎರಡು ಬಗೆ. ತಪ್ಪು ಕನ್ವರ್ಟರ್ ಹಾಕಿದರೆ ಏನೂ ಸುಡುವುದಿಲ್ಲ, ಏನೂ ಆಗುವುದೂ ಇಲ್ಲ.

ಆದರೆ ಢೋಲಕ್, ರಿದಮ್ ಪ್ಯಾಡ್ ಮನುಷ್ಯರೇ ನುಡಿಸುವ ಕಡೆ ಕ್ಲಾಕ್‌ಗಿಂತ ಟ್ಯಾಪ್ ಟೆಂಪೊ ಮೇಲು. ಜನ ಸಿಳ್ಳೆ ಹೊಡೆದಷ್ಟೂ ಲಯ ಏರುತ್ತದೆ, ಯಂತ್ರ ಏರುವುದಿಲ್ಲ. ಹೊರಗಿನ ಡಿಲೇ ಪೆಡಲ್ ತನ್ನ ಬೆಲೆಗೆ ನ್ಯಾಯ ಒದಗಿಸುವುದು ಮುಖ್ಯವಾಗಿ ಇಲ್ಲೇ: ಕಾಲಿನಲ್ಲಿ ನಾಲ್ಕು ಸಲ ತಟ್ಟಿದರೆ ಮುಗಿಯಿತು.

ಕೊಳಲು, ಶಹನಾಯಿ ಟೋನಿನಲ್ಲಿ ಪಿಚ್ ಬೆಂಡ್‌ನಿಂದ ಮೀಂಡ್ ಎಳೆಯುವವರಿಗೆ ಒಂದು ಎಚ್ಚರಿಕೆ. ಡಿಲೇ ಹಳೆಯ ಸ್ವರವನ್ನು ಹೊಸ ಸ್ವರದ ಮೇಲೆ ತಂದು ಹಾಕುತ್ತದೆ. ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿದ ಮೇಲೂ ರಿಷಭ ಬಡಬಡಿಸುತ್ತಿದ್ದರೆ ಅಪಸ್ವರವೇ. ಫೀಡ್‌ಬ್ಯಾಕ್ (ಸದ್ದು ಎಷ್ಟು ಸಲ ಮರುಕಳಿಸಬೇಕೆಂಬುದು) 20 ಪ್ರತಿಶತದೊಳಗೆ, ಮಿಕ್ಸ್ 15ರ ಆಸುಪಾಸು ಇರಲಿ.

## ಹಂತ 8: ಜಾಗ ಕೇಳಿ ರಿವರ್ಬ್ ಹಾಕಿ

ವೇದಿಕೆ ಏರಿದ ಕೂಡಲೇ ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಹಿಂದಿನ ಗೋಡೆಯಿಂದ ಟಪ್ ಎಂದು ವಾಪಸ್ ಬಂದರೆ ಜಾಗ ತಾನೇ ಡಿಲೇ ಕೊಡುತ್ತಿದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಗೋಡೆ 17 ಮೀಟರ್ ದೂರವಿದ್ದರೆ ಹೋಗಿ ಬರಲು ಹೆಚ್ಚುಕಡಿಮೆ 100 ಮಿಲಿಸೆಕೆಂಡ್. ಅಲ್ಲಿ ಅಷ್ಟೇ ಉದ್ದದ ಡಿಲೇ ಹಾಕಿದರೆ ಎರಡೂ ಕಲೆತು ಗೊಜ್ಜಾಗುತ್ತದೆ. ಚಪ್ಪಾಳೆ ರ್‌ರ್‌ರ್ ಎಂದು ಕಂಪಿಸಿದರೆ ಎದುರುಬದುರು ಬೋಳು ಗೋಡೆ ಅಥವಾ ತಗಡಿನ ಶೀಟು ಕಾರಣ.

ತಗಡಿನ ಶೀಟಿನ ಮಂಟಪದಲ್ಲಿ ಪೆಡಲ್ ರಿವರ್ಬ್ ಆಫ್ ಮಾಡಿಯೇ ಶುರು ಮಾಡಿ. ಬೇಕೆನಿಸಿದರೆ ರೂಮ್ ಅಥವಾ ಪ್ಲೇಟ್, 0.8 ಸೆಕೆಂಡ್, ಮಿಕ್ಸ್ 10. ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಜಂಬಲದಿನ್ನಿ ರಂಗಮಂದಿರದಂಥ ರಂಗಮಂದಿರಗಳಲ್ಲಿ 1.2ರಿಂದ 1.5 ಸೆಕೆಂಡಿನಿಂದ ಶುರು ಮಾಡಿ ಕಿವಿ ಹೇಳಿದಂತೆ ಬದಲಿಸಿ. ಗವಿಮಠದ ಜಾತ್ರೆಯ ಕಾಲದ ಕೊಪ್ಪಳದಂಥ ಬಯಲು ವೇದಿಕೆಯಲ್ಲಿ ಗೋಡೆಯೇ ಇಲ್ಲ, ಸದ್ದು ಒಣಗಿ ಹೋಗುತ್ತದೆ: ಅಲ್ಲಿ ಹಾಲ್ ರಿವರ್ಬ್ 2 ಸೆಕೆಂಡ್, ಮಿಕ್ಸ್ 25ರವರೆಗೂ ನಡೆಯುತ್ತದೆ. ಇವು ಆರಂಭದ ಅಂಕಿಗಳು. ಖಾಲಿ ಸಭಾಂಗಣದಲ್ಲಿ ಸಂಜೆ ನಾಲ್ಕಕ್ಕೆ ಹೊಂದಿಸಿದ್ದು ಎಂಟಕ್ಕೆ ಜನ ತುಂಬಿದಾಗ ಒಣಗಿದಂತೆ ಕೇಳುತ್ತದೆ, ಜನರ ಮೈ–ಬಟ್ಟೆ ಸದ್ದು ಹೀರುತ್ತದೆ. ನಾಬ್ ಕೈಗೆಟುಕುವಂತೆ ಹೊರಗಿರಲಿ ಎಂದದ್ದು ಇದಕ್ಕೇ.

ಎಲ್ಲೇ ಆದರೂ ರಿವರ್ಬ್‌ನ ಲೋ ಕಟ್ (ಕೆಳಗಿನ ಸದ್ದು ಕತ್ತರಿಸುವುದು) 150–200 ಹರ್ಟ್ಸ್, ಹೈ ಕಟ್ (ಮೇಲಿನದನ್ನು ಕತ್ತರಿಸುವುದು) 5–6 ಕಿಲೋಹರ್ಟ್ಸ್‌ನಲ್ಲಿಡಿ. ಪ್ರೀ–ಡಿಲೇ (ರಿವರ್ಬ್ ಶುರುವಾಗುವ ಮುಂಚಿನ ಬಿಡುವು) 20–30 ಮಿಲಿಸೆಕೆಂಡ್ ಕೊಟ್ಟರೆ ಸ್ವರದ ಮೊನೆ ಮುಚ್ಚಿಹೋಗುವುದಿಲ್ಲ.

ಸೌಂಡ್ ಆಪರೇಟರ್ ಜೊತೆ ಒಂದು ಮಾತು ಕಡ್ಡಾಯ: “ಕೀಬೋರ್ಡ್ ಚಾನೆಲ್‌ಗೆ ರಿವರ್ಬ್ ಹಾಕಬ್ಯಾಡ್ರಿ, ಇಲ್ಲಿಂದ್ಲೇ ಬರ್ತದ.” ಅವರೇ ಹಾಕುವ ಪಣ ತೊಟ್ಟಿದ್ದರೆ ಪೆಡಲ್ ಬೈಪಾಸ್ ಮಾಡಿ. ಹಟಕ್ಕೆ ಬಿದ್ದು ಇಬ್ಬರೂ ಹಾಕಿದರೆ ಹಾಡುವವರ ಮಾತು ತಿಳಿಯುವುದಿಲ್ಲ, ಬೈಗುಳ ಮಾತ್ರ ಇಬ್ಬರಿಗೂ ಸಮ.

## ಹಂತ 9: ಉಳಿಸಿಡಿ

ಒಳಗಿನ ರಿವರ್ಬ್ ಇಳಿಸಿದ ಪ್ಯಾಚನ್ನು ರೈಟ್ ಅಥವಾ ಸ್ಟೋರ್ ಮಾಡಿ ಯೂಸರ್ ಜಾಗದಲ್ಲಿಡಿ. ಬರೀ ನಾಬ್ ತಿರುಗಿಸಿದ್ದು ಟೋನು ಬದಲಿಸಿದ ಕೂಡಲೇ ಅಳಿಸಿಹೋಗುತ್ತದೆ. ಹೆಚ್ಚಿನ ಬಾರಿ “ನಿನ್ನೆ ಸರಿ ಮಾಡಿದ್ದೆ, ಇವತ್ತು ಮತ್ತೆ ಹಾಗೇ ಆಗಿದೆ” ಎಂಬ ದೂರಿನ ಹಿಂದೆ ಇರುವುದು ಈ ಮರೆವು.

ಪ್ರತಿ ಟೋನಿಗೂ ಎರಡು ಪ್ರತಿ ಮಾಡಿ. ಒಂದರ ಹೆಸರಿನ ಕೊನೆಗೆ ಡಿ ಎಂದು ಸೇರಿಸಿ: ಒಳಗಿನ ರಿವರ್ಬ್, ಡಿಲೇ ಸೊನ್ನೆ, ಪೆಡಲ್ ಜೊತೆ ನುಡಿಸಲು. ಇನ್ನೊಂದಕ್ಕೆ ಡಬ್ಲ್ಯೂ: ಒಳಗಿನ ರಿವರ್ಬ್ ಹದವಾಗಿ ಹಾಕಿದ್ದು, ಪೆಡಲ್ ಇಲ್ಲದೆಯೂ ನಿಲ್ಲುವಂಥದ್ದು. ಎರಡರ ವಾಲ್ಯೂಮ್ ಸಮ ಇದೆಯೇ ಎಂದು ಕಿವಿಯಿಂದ ತಾಳೆ ನೋಡಿ. ಎಲ್ಲವನ್ನೂ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯಿರಿ.

ಟೋನು ಬದಲಿಸಿದಾಗ ಒಳಗಿನ ರಿವರ್ಬ್‌ನ ಬಾಲ ಕತ್ತರಿಸಿದಂತೆ ನಿಲ್ಲುವುದು ಹಲವು ಸಿಂಥ್‌ಗಳ ಸ್ವಭಾವ. ಪೆಡಲಿನ ರಿವರ್ಬ್ ಹಾಗೆ ನಿಲ್ಲುವುದಿಲ್ಲ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಟೋನು ಬದಲಿಸುವವರು ಡಿ ಪ್ರತಿಗಳನ್ನೇ ಬಳಸಲಿ.

ಸಂಡೂರು–ತೋರಣಗಲ್ಲು ರಸ್ತೆಯ ಕೆಂಪು ಧೂಳು ಪೆಡಲಿನ ನಾಬ್‌ಗಳಿಗೆ ಇಳಿದರೆ ತಿರುಗಿಸಿದಾಗ ಕರಕರ ಎನ್ನುತ್ತದೆ. ಸಾಗಿಸುವಾಗ ಜಿಪ್ ಇರುವ ಚೀಲ, ವೇದಿಕೆಯಲ್ಲಿ ನುಡಿಸದಿದ್ದಾಗ ಮೇಲೊಂದು ಬಟ್ಟೆ. ಕರಕರ ಶುರುವಾದರೆ ಕರೆಂಟು ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಹಾಕಿ, ನಾಬನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಸೀಮೆಎಣ್ಣೆ, ಕೊಬ್ಬರಿಎಣ್ಣೆ ಬೇಡ.

## ಹಾಡಿನ ನಡುವೆ ಪೆಡಲ್ ಸತ್ತರೆ

ಟ್ರೂ ಬೈಪಾಸ್ (ಆಫ್ ಇದ್ದಾಗ ಸದ್ದನ್ನು ನೇರ ತಂತಿಯಲ್ಲೇ ಹಾಯಿಸುವ) ಪೆಡಲ್ ಆಫ್ ಇದ್ದಾಗ ಕರೆಂಟು ಹೋದರೂ ಸದ್ದು ಹಾಯುತ್ತದೆ. ಬಫರ್ಡ್ (ಆಫ್ ಇದ್ದಾಗಲೂ ಸದ್ದನ್ನು ತನ್ನ ಸರ್ಕ್ಯೂಟಿನ ಮೂಲಕವೇ ಹಾಯಿಸುವ) ಪೆಡಲ್ ಆದರೆ ಕರೆಂಟು ಹೋದೊಡನೆ ಸದ್ದೂ ಹೋಗುತ್ತದೆ, ಕಾಲಿನಿಂದ ಎಷ್ಟು ಒತ್ತಿದರೂ ವ್ಯರ್ಥ. ಹುಡುಕುತ್ತ ಕೂರಬೇಡಿ. ಮಿಕ್ಸರಿನವರಿಗೆ ಕೈ ಎತ್ತಿ ಮ್ಯೂಟ್ ಮಾಡಿಸಿ. ಸಿಂಥ್‌ನಿಂದ ಬಂದ ಎರಡು ಪಿನ್ನುಗಳನ್ನು ಪೆಡಲಿನಿಂದ ಕಿತ್ತು ಡಿಐಗೆ ಚುಚ್ಚಿ; ಕತ್ತಲಲ್ಲೂ ಸಿಗುವಂತೆ ಈ ಎರಡು ಪಿನ್ನಿಗೆ ಬಿಳಿ ಟೇಪು ಸುತ್ತಿರಬೇಕು. ಡಬ್ಲ್ಯೂ ಪ್ರತಿ ಒತ್ತಿ. ಮ್ಯೂಟ್ ತೆಗೆಯಲು ಸನ್ನೆ ಮಾಡಿ. ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದರೆ ಇದಕ್ಕೆ ಹದಿನೈದು ಸೆಕೆಂಡ್ ಸಾಕು, ತಬಲಾದವರು ಅಷ್ಟು ಹೊತ್ತು ಒಂದು ಲಗ್ಗಿ ಎಳೆಯುತ್ತಾರೆ.